ಕಳೆದುಹೋದ ಮಾಂಸಖಂಡಕ್ಕೊಂದು ಹಂದರ

ಮೈದಾನದಲ್ಲಿ ಬಿದ್ದು ಮೀನಖಂಡಕ್ಕೆ ಪೆಟ್ಟು ಮಾಡಿಕೊಂಡ ಹುಡುಗ ಕೆಲವು ವಾರಗಳಲ್ಲಿ ಮತ್ತೆ ಚೆಂಡಿನ ಹಿಂದೆ ಓಡುತ್ತಾನೆ. ಆದರೆ ಬಾಂಬ್ ಸ್ಫೋಟದಲ್ಲೋ ವಾಹನ ಅಪಘಾತದಲ್ಲೋ ತೊಡೆಯ ಸ್ನಾಯುವಿನ ದೊಡ್ಡ ಭಾಗವೇ ಕಿತ್ತುಹೋದರೆ? ಮೂಳೆ ಕೂಡುತ್ತದೆ, ಚರ್ಮ ಮುಚ್ಚಿಕೊಳ್ಳುತ್ತದೆ. ಹೋದ ಮಾಂಸ ಮಾತ್ರ ಮರಳುವುದಿಲ್ಲ. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಗಾಯಗೊಂಡ ಅಮೆರಿಕದ ಅನೇಕ ಸೈನಿಕರ ಪಾಡು ಇದೇ ಆಗಿತ್ತು. ಕಾಲು ಉಳಿದರೂ ಅದು ಮೆಟ್ಟಿಲು ಹತ್ತಲು ಒದಗುತ್ತಿರಲಿಲ್ಲ.

ನಿದ್ರಿಸುವ ದುರಸ್ತಿಗಾರರು

ನಮ್ಮ ಇಚ್ಛೆಯಂತೆ ಕೈಕಾಲು ಆಡಿಸುವ ಸ್ನಾಯುಗಳು ದೇಹದಲ್ಲಿ 600ಕ್ಕೂ ಹೆಚ್ಚು. ದೇಹದ ತೂಕದಲ್ಲಿ ಸುಮಾರು ಶೇ. 40 ಪಾಲು ಇವುಗಳದೇ. 1961ರಲ್ಲಿ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡರ್ ಮಾರೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಸ್ನಾಯುವನ್ನು ಪರೀಕ್ಷಿಸಿದಾಗ, ನಾರಿನ ಅಂಚಿಗೆ ಅಂಟಿ ಕುಳಿತ ಪುಟ್ಟ ಜೀವಕೋಶಗಳನ್ನು ಕಂಡರು. ಇವೇ ಸ್ಯಾಟಲೈಟ್ ಕೋಶಗಳು. ಸಾಮಾನ್ಯವಾಗಿ ಇವು ನಿದ್ರೆಯಲ್ಲಿರುತ್ತವೆ. ಸ್ನಾಯುವಿಗೆ ಪೆಟ್ಟು ಬಿದ್ದೊಡನೆ ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಬೆಸೆದುಕೊಂಡು ಹೊಸ ನಾರನ್ನು ಕಟ್ಟುತ್ತವೆ.

ಆದರೆ ಬಳ್ಳಿಗೆ ಹಬ್ಬಲು ಹಂದರ ಬೇಕಲ್ಲವೆ? ಜೀವಕೋಶಗಳಿಗೂ ಹಾಗೆಯೇ. ಕೊಲಾಜೆನ್ ಮೊದಲಾದ ಪ್ರೋಟೀನುಗಳಿಂದ ಹೆಣೆದ ಒಂದು ಜಾಲ ಅವುಗಳ ಸುತ್ತ ಇರುತ್ತದೆ. ಸ್ನಾಯುವಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋದಾಗ ದುರಸ್ತಿಗಾರರ ಜೊತೆಗೆ ಈ ಜಾಲವೂ ಹೋಗುತ್ತದೆ. ಖಾಲಿ ಜಾಗವನ್ನು ಗಡಸು ಕಲೆ ಅಂಗಾಂಶ ತುಂಬುತ್ತದೆ. ಅದು ಸಂಕುಚಿಸಲಾರದು, ಬಲವನ್ನೂ ಕೊಡಲಾರದು.

ಹಂದಿಯ ಮೂತ್ರಕೋಶದಿಂದ

ಹಾಗಾದರೆ ಹಂದರವನ್ನು ಹೊರಗಿನಿಂದ ಒದಗಿಸಿದರೆ ಹೇಗೆ? ಪಶುವೈದ್ಯ ಹಾಗೂ ವೈದ್ಯ ಎರಡೂ ಆಗಿರುವ ಸ್ಟೀಫನ್ ಬ್ಯಾಡಿಲಾಕ್ ಇದನ್ನೇ ಕೈಗೆತ್ತಿಕೊಂಡರು. ಮೊದಲು ಪರ್ಡ್ಯೂ, ಬಳಿಕ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅವರ ಸಂಶೋಧನೆ ನಡೆಯಿತು. ಹಂದಿಯ ಮೂತ್ರಕೋಶದ ಪದರವನ್ನು ಬಿಡಿಸಿ, ಅದರ ಜೀವಕೋಶಗಳನ್ನೆಲ್ಲ ತೊಳೆದು ತೆಗೆದರೆ ಪ್ರೋಟೀನಿನ ತೆಳು ಹಾಳೆಯೊಂದು ಉಳಿಯುತ್ತದೆ. ದೇಹ ಮುಖ್ಯವಾಗಿ ವಿರೋಧಿಸುವುದು ಪರಕೀಯ ಜೀವಕೋಶಗಳನ್ನು. ಅವೇ ಇಲ್ಲದ್ದರಿಂದ ಈ ಹಾಳೆಯನ್ನು ಅದು ತಾಳಿಕೊಳ್ಳುತ್ತದೆ.

ಮನೆ ಕಟ್ಟುವಾಗ ಹಾಕಿದ ಸಾರುವೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಈ ಹಾಳೆ ತಾನಾಗಿಯೇ ಕರಗುತ್ತದೆ. ಕರಗುವಾಗ ಬಿಡುಗಡೆಯಾಗುವ ಪ್ರೋಟೀನಿನ ತುಣುಕುಗಳು ಕಾಂಡಕೋಶಗಳನ್ನು ಗಾಯದತ್ತ ಕರೆಯುತ್ತವೆ.

2014ರಲ್ಲಿ ಐವರು ರೋಗಿಗಳ ಫಲಿತಾಂಶ ಪ್ರಕಟವಾಯಿತು. ಅವರು ಗಾಯಗೊಂಡ ಸ್ನಾಯುವಿನ ಶೇ. 58ರಿಂದ 90ರಷ್ಟನ್ನು ಕಳೆದುಕೊಂಡಿದ್ದರು. ಶಸ್ತ್ರಚಿಕಿತ್ಸೆಗೆ ಮುನ್ನವೇ ಎಲ್ಲರಿಗೂ ವ್ಯಾಯಾಮ ಮಾಡಿಸಿ, ಇನ್ನು ಸುಧಾರಣೆ ಸಾಧ್ಯವಿಲ್ಲ ಎನ್ನುವ ಹಂತಕ್ಕೆ ತರಲಾಗಿತ್ತು. ಆನಂತರ ಕಲೆ ಅಂಗಾಂಶವನ್ನು ಕತ್ತರಿಸಿ, ಉಳಿದ ಜೀವಂತ ಸ್ನಾಯುವಿಗೆ ಹಾಳೆಯನ್ನು ಹೊಲಿದರು. ಒಂದೆರಡು ದಿನಗಳಲ್ಲೇ ಮತ್ತೆ ವ್ಯಾಯಾಮ! ಎಳೆತ ಬಿದ್ದರೆ ತಾನೇ ಕೋಶಗಳಿಗೆ ತಾವು ಸ್ನಾಯುವಾಗಬೇಕೆಂದು ತಿಳಿಯುವುದು? ಐವರಲ್ಲಿ ಮೂವರ ಕಾಲಿನ ಶಕ್ತಿ ಗಣನೀಯವಾಗಿ ಹೆಚ್ಚಿತು. 2016ರಲ್ಲಿ 13 ರೋಗಿಗಳ ವರದಿ ಬಂತು. ಆರು ತಿಂಗಳಲ್ಲಿ ಶಕ್ತಿ ಸರಾಸರಿ ಶೇ. 37ರಷ್ಟು ಸುಧಾರಿಸಿತ್ತು.

ದಾರಿ ಇನ್ನೂ ಇದೆ

ಹಾಗೆಂದು ಕಳೆದುಹೋದದ್ದೆಲ್ಲ ಮರಳಿತೆನ್ನುವಂತಿಲ್ಲ. ಹೊಸದಾಗಿ ಬೆಳೆದ ಸ್ನಾಯು ಅಲ್ಲಲ್ಲಿ ದ್ವೀಪಗಳಂತೆ, ಸ್ವಲ್ಪವೇ. ಸುಧಾರಣೆಗೆ ನಿಜವಾದ ಕಾರಣ ಹೊಸ ಸ್ನಾಯುವೇ, ಅಥವಾ ಹಾಳೆಯ ಜಾಗದಲ್ಲಿ ಬೆಳೆದ ಅಂಗಾಂಶ ಉಳಿದ ಸ್ನಾಯುವಿಗೆ ಕೊಟ್ಟ ಆಸರೆಯೇ ಎಂಬ ಪ್ರಶ್ನೆಯನ್ನು ಕೆಲವು ವಿಜ್ಞಾನಿಗಳು ಎತ್ತಿದ್ದಾರೆ. ನರ ಮತ್ತು ರಕ್ತನಾಳಗಳನ್ನು ಹೊಸ ಸ್ನಾಯುವಿಗೆ ಜೋಡಿಸುವುದು ಇನ್ನೊಂದು ಸವಾಲು.

ಭಾರತವೂ ಈ ದಾರಿಯಲ್ಲಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹಂದಿಯ ಪಿತ್ತಕೋಶದಿಂದ ತಯಾರಿಸಿದ 'ಕೋಲಿಡರ್ಮ್' ಎಂಬ ಇಂಥದೇ ಹಾಳೆಗೆ, ಚರ್ಮದ ಗಾಯಗಳಿಗೆ ಬಳಸಲು, 2023ರಲ್ಲಿ ಅನುಮತಿ ದೊರೆತಿದೆ.

ಜೀವಶಾಸ್ತ್ರ ಓದಿದರೆ ಡಾಕ್ಟರೇ ಆಗಬೇಕು ಎನ್ನುವ ತಂದೆತಾಯಿಗಳು ಒಂದನ್ನು ಗಮನಿಸಬಹುದು. ಆ 13 ಜನರ ಕೈಕಾಲಿಗೆ ಬಲ ತಂದವರಲ್ಲಿ ಶಸ್ತ್ರವೈದ್ಯರಷ್ಟೇ ಪಾಲು ಪಶುವೈದ್ಯನದೂ ಇದೆ, ಎಂಜಿನಿಯರದೂ ಇದೆ, ದಿನವೂ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಸ್ಟರದೂ ಇದೆ.