ಗೋಡೆಯೊಳಗೆ ಹೊದಿಸಿದ ಕಂಬಳಿ

ಇಂಗ್ಲೆಂಡಿನಲ್ಲಿ ಕಟ್ಟುತ್ತಿರುವ ಇಟ್ಟಿಗೆಯ ಮನೆಯೊಂದರ ಗೋಡೆ ಎದೆಮಟ್ಟಕ್ಕೆ ಏರಿರುವಾಗ ಅದರ ಮೇಲಿನಿಂದ ಬಗ್ಗಿ ನೋಡಿದರೆ, ಅಲ್ಲಿರುವುದು ಒಂದು ಗೋಡೆಯಲ್ಲ, ಎರಡು ಎಂಬುದು ತಿಳಿಯುತ್ತದೆ. ಹೊರಗೆ ಸುಮಾರು ೧೦೦ ಮಿಲಿಮೀಟರು ದಪ್ಪದ ಒಂದು ಗೋಡೆ. ಒಳಗೆ ಅಷ್ಟೇ ದಪ್ಪದ ಇನ್ನೊಂದು. ಎರಡರ ನಡುವೆ ಅಂಗೈಯಗಲದ ಎಡೆ. ಈ ಎಡೆಯಲ್ಲಿ ಒಳಗೋಡೆಗೆ ಆತುಕೊಂಡು ಶಾಖರೋಧಕ ಹಲಗೆಗಳು ನಿಂತಿರುತ್ತವೆ. ಅವು ಒಳಗೋಡೆಯನ್ನು ಬಿಟ್ಟು ಸರಿಯದಂತೆ ಒತ್ತಿ ಹಿಡಿದಿರುವುದು ಅಲ್ಲಲ್ಲಿ ಸಿಕ್ಕಿಸಿರುವ ಒಂದೊಂದು ಪ್ಲಾಸ್ಟಿಕ್ ಬಿಲ್ಲೆ. ಕಟ್ಟಡದ ಒಟ್ಟು ವೆಚ್ಚದಲ್ಲಿ ಈ ಬಿಲ್ಲೆಗಳ ಬೆಲೆ ಲೆಕ್ಕಕ್ಕೇ ಬಾರದು. ಆದರೂ ದುಬಾರಿಯಾದ ಆ ಹಲಗೆಗಳು ತಮ್ಮ ಕೆಲಸವನ್ನು ಮಾಡುವುವೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇವುಗಳನ್ನೇ ಅವಲಂಬಿಸಿದೆ. ಇದರ ಕಾರಣವನ್ನು ನಾವೀಗ ವಿಚಾರ ಮಾಡೋಣ.

ಎರಡು ಗೋಡೆಗಳನ್ನು ಬೇರೆಬೇರೆಯಾಗಿ ಕಟ್ಟುವ ಈ ಪದ್ಧತಿ ಹುಟ್ಟಿದ್ದು ಚಳಿಯನ್ನು ತಡೆಯುವುದಕ್ಕಲ್ಲ, ಮಳೆಯನ್ನು ತಡೆಯುವುದಕ್ಕೆ. ಇಟ್ಟಿಗೆಯೂ ಗಾರೆಯೂ ಸೂಕ್ಷ್ಮರಂಧ್ರಗಳುಳ್ಳ ವಸ್ತುಗಳು. ಗಾಳಿಯೊಡನೆ ಬೀಸಿ ಹೊಡೆಯುವ ಮಳೆ ಒಂದೇ ಗೋಡೆಯಿದ್ದಲ್ಲಿ ಮೆಲ್ಲಮೆಲ್ಲನೆ ಒಳಕ್ಕೆ ಇಳಿದು ಕೋಣೆಯ ಗೋಡೆಯಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ. ಎರಡು ಗೋಡೆಗಳಿದ್ದರೆ ಹೊರಗೋಡೆಯನ್ನು ದಾಟಿದ ನೀರು ಅದರ ಒಳಮೈಯ ಮೇಲೆಯೇ ಕೆಳಕ್ಕೆ ಹರಿದು, ಬುಡದಲ್ಲಿ ಬಿಟ್ಟಿರುವ ಕಂಡಿಗಳ ಮೂಲಕ ಹೊರಹೋಗುತ್ತದೆ. ಎಡೆಯನ್ನು ಹಾರಿ ಒಳಗೋಡೆಯನ್ನು ಮುಟ್ಟಲಾರದು. ಮಲೆನಾಡಿನಲ್ಲಿ ಮಳೆಗಾಲದ ನಾಟಿಗೆ ಇಳಿಯುತ್ತಿದ್ದವರ ಗೊರಬನ್ನು ಬಲ್ಲ ವಾಚಕರಿಗೆ ಈ ಉಪಾಯ ಹೊಸದಾಗಿ ತೋರದು. ಹೊರಗೋಡೆಯೇ ಗೊರಬು, ಒಳಗೋಡೆ ಮೈ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಅಲ್ಲಲ್ಲಿ ಕಾಣಿಸಿಕೊಂಡ ಈ ಕ್ರಮ ಮೊದಲನೆಯ ಮಹಾಯುದ್ಧದ ನಂತರ, ೧೯೨೦ ಮತ್ತು ೧೯೩೦ರ ದಶಕಗಳಲ್ಲಿ, ಸಾಮಾನ್ಯ ಮನೆಗಳಿಗೂ ಹಬ್ಬಿತು. (ಟೊಳ್ಳುಗೋಡೆ ಭಾರತಕ್ಕೆ ಅಪರಿಚಿತವೇನೂ ಅಲ್ಲ. ೧೯೧೭ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಕಟ್ಟಣೆಯನ್ನು ಇಲ್ಲಿ ಪ್ರಚಾರಕ್ಕೆ ತಂದರು. ಅಲ್ಲಿನ ಉದ್ದೇಶ ಬೇರೆ: ಇಟ್ಟಿಗೆಯ ಉಳಿತಾಯ, ಬಿಸಿಲಿನ ಕಾವಿನಿಂದ ರಕ್ಷಣೆ.)

ನೂರು ಮಿಲಿಮೀಟರು ದಪ್ಪದ ಗೋಡೆ ಒಂಟಿಯಾಗಿ ಎರಡು ಅಂತಸ್ತಿನ ಎತ್ತರಕ್ಕೆ ಭದ್ರವಾಗಿ ನಿಲ್ಲದು. ಆದುದರಿಂದ ಎರಡನ್ನೂ ಲೋಹದ ಕೊಂಡಿಗಳಿಂದ ಜೋಡಿಸುತ್ತಾರೆ. ಕೊಂಡಿಯ ಒಂದು ತುದಿ ಒಳಗೋಡೆಯ ಗಾರೆಯಲ್ಲಿ, ಇನ್ನೊಂದು ಹೊರಗೋಡೆಯ ಗಾರೆಯಲ್ಲಿ ಹುದುಗಿರುತ್ತದೆ. ಅಡ್ಡಲಾಗಿ ೯೦೦ ಮಿಲಿಮೀಟರು, ಮೇಲಕ್ಕೆ ೪೫೦ ಮಿಲಿಮೀಟರು ಅಂತರದಲ್ಲಿ ಇವನ್ನು ಇಡುವುದು ರೂಢಿ. ಎಂದರೆ ಚದರ ಮೀಟರಿಗೆ ಸುಮಾರು ಎರಡೂವರೆ ಕೊಂಡಿಗಳು. ಆದರೆ ನೀರು ದಾಟಬಾರದೆಂದು ಬಿಟ್ಟ ಎಡೆಗೆ ನಾವೇ ಸೇತುವೆ ಕಟ್ಟಿದಂತಾಯಿತಲ್ಲವೆ? ಇದಕ್ಕೆ ಪರಿಹಾರ ಬಹು ಸರಳವಾದುದು. ಮಳೆ ನಿಂತ ಮೇಲೆ ಬಟ್ಟೆ ಒಣಹಾಕುವ ತಂತಿಯನ್ನು ನೋಡಿರಿ. ಹನಿಗಳು ತಂತಿಗುಂಟ ಜಾರುತ್ತ ಅತ್ಯಂತ ತಗ್ಗಾದ ಸ್ಥಳಕ್ಕೆ ಬಂದು ಅಲ್ಲಿಂದ ತೊಟ್ಟಿಕ್ಕುತ್ತವೆ. ಕೊಂಡಿಯ ನಡುವೆ ಕೆಳಮುಖವಾಗಿ ಒಂದು ಬಾಗು ಇಟ್ಟರೆ, ಅದರ ಮೇಲೆ ಬಂದ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಎಡೆಯೊಳಗೆ ಬೀಳುತ್ತದೆ. ಕೊಂಡಿ ಒಳಗೋಡೆಯ ಕಡೆಗೆ ಇಳಿಜಾರಾಗಿರಬಾರದು, ಅಷ್ಟೆ.

ಇನ್ನು ಶಾಖದ ವಿಷಯ. ನಿಶ್ಚಲವಾದ ಗಾಳಿ ಶಾಖವನ್ನು ಬಹು ಕಷ್ಟದಿಂದ ಸಾಗಿಸುತ್ತದೆ. ಅದರ ವಾಹಕತೆ ಇಟ್ಟಿಗೆಯ ವಾಹಕತೆಯ ಮೂವತ್ತನೆಯ ಒಂದು ಭಾಗದಷ್ಟು. ಹಾಗಾದರೆ ೧೦೦ ಮಿಲಿಮೀಟರು ಗಾಳಿಯ ಪದರವೇ ಅತ್ಯುತ್ತಮ ಶಾಖರೋಧಕವಾಗಬೇಕಾಗಿತ್ತು. ವಹನವೊಂದನ್ನೇ ಎಣಿಸಿದರೆ, ಎರಡು ಮೈಗಳ ನಡುವೆ ೧ ಡಿಗ್ರಿ ಉಷ್ಣತೆಯ ಅಂತರವಿದ್ದಾಗ ೧ ಚದರ ಮೀಟರಿನ ಮೂಲಕ ದಾಟತಕ್ಕದ್ದು ಕೇವಲ ೦.೨೫ ವಾಟ್. ವಾಸ್ತವವಾಗಿ ದಾಟುವುದು ಸುಮಾರು ೫.೫ ವಾಟ್, ಇಪ್ಪತ್ತು ಪಟ್ಟಿಗೂ ಹೆಚ್ಚು! ಈ ನಷ್ಟಕ್ಕೆಲ್ಲ ಗಾಳಿಯ ಸುತ್ತಾಟವೇ ಕಾರಣವೆಂದು ವಿದ್ಯಾರ್ಥಿಗಳು ಒಡನೆ ಉತ್ತರಿಸುವುದುಂಟು. ಅದು ಪೂರ್ತಿ ಸರಿಯಲ್ಲ. ಸಂವಹನದ ಪಾಲು ಸುಮಾರು ೧.೨೫ ವಾಟ್ ಮಾತ್ರ, ಉಳಿದ ೪.೨ ವಾಟ್ ವಿಕಿರಣದ್ದು. ಬೆಚ್ಚಗಿನ ಒಳಗೋಡೆ ತಣ್ಣಗಿನ ಹೊರಗೋಡೆಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಂದ ಶಾಖವನ್ನು ಕೊಡುತ್ತಲೇ ಇರುತ್ತದೆ. ನಡುವಣ ಗಾಳಿ ಅದಕ್ಕೆ ಅಡ್ಡಿಯೇ ಅಲ್ಲ.

೧೯೭೩ರ ತೈಲದ ಬಿಕ್ಕಟ್ಟಿನವರೆಗೆ ಇದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಮೇಲೆ ಇಂಧನದ ಲೆಕ್ಕ ಬಿಗಿಯಾಯಿತು. ಒಳಗೂ ಹೊರಗೂ ೧ ಡಿಗ್ರಿ ಅಂತರವಿದ್ದಾಗ ೧ ಚದರ ಮೀಟರು ಗೋಡೆಯ ಮೂಲಕ ಎಷ್ಟು ವಾಟ್ ಹೊರಹೋಗುವುದೋ ಅದನ್ನು ಆ ಗೋಡೆಯ ಯು-ಮೌಲ್ಯವೆನ್ನುತ್ತಾರೆ. ಬರಿಯ ಎಡೆಯುಳ್ಳ ಹಳೆಯ ಜೋಡಿಗೋಡೆಯದು ಸುಮಾರು ೧.೫. ಇಂಗ್ಲೆಂಡಿನ ಕಟ್ಟಡದ ನಿಯಮಗಳು ಹೊಸ ಗೋಡೆಗಳಿಗೆ ೧೯೭೬ರಲ್ಲಿ ೧.೦, ೧೯೯೦ರಲ್ಲಿ ೦.೪೫, ೨೦೦೨ರಲ್ಲಿ ೦.೩೫ ಎಂದು ಈ ಮಿತಿಯನ್ನು ಇಳಿಸುತ್ತ ಬಂದುವು. ಇಟ್ಟಿಗೆಯಿಂದಲೇ ಇದನ್ನು ಸಾಧಿಸಬೇಕಾದರೆ ಕೋಟೆಯ ಗೋಡೆಯನ್ನೇ ಕಟ್ಟಬೇಕಾದೀತು. ಆದುದರಿಂದ ಎಡೆಯೊಳಗೆ ನೊರೆಯಂತಹ ಪ್ಲಾಸ್ಟಿಕ್ಕಿನ ಅಥವಾ ಖನಿಜದ ನಾರಿನ ಹಲಗೆಗಳನ್ನು ಇಡುವುದು ಅನಿವಾರ್ಯವಾಯಿತು. ಈ ವಸ್ತುಗಳ ಗುಟ್ಟು ಕಂಬಳಿಯ ಗುಟ್ಟೇ: ಗಾಳಿಯನ್ನೋ ಇನ್ನೊಂದು ಅನಿಲವನ್ನೋ ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಹಾಕಿ ಅಲುಗಾಡದಂತೆ ಮಾಡುವುದು, ಜೊತೆಗೆ ವಿಕಿರಣಕ್ಕೆ ಅಡ್ಡ ನಿಲ್ಲುವುದು. ಒಳ್ಳೆಯ ನೊರೆಹಲಗೆ ೫೦ ಮಿಲಿಮೀಟರು ದಪ್ಪವಿದ್ದರೆ ಗೋಡೆಯ ಯು-ಮೌಲ್ಯ ೧.೫ರಿಂದ ೦.೩೪ಕ್ಕೆ ಇಳಿಯುತ್ತದೆ. ಹೊರಗೆ ೦ ಡಿಗ್ರಿ, ಒಳಗೆ ೨೦ ಡಿಗ್ರಿ ಇರುವ ರಾತ್ರಿಯಲ್ಲಿ ಚದರ ಮೀಟರಿಗೆ ೩೦ ವಾಟ್ ಸೋರುತ್ತಿದ್ದ ಕಡೆ ಈಗ ಸೋರುವುದು ೭ ವಾಟ್.

ಎಡೆಯನ್ನು ಪೂರ್ತಿಯಾಗಿ ತುಂಬುವ ಪದ್ಧತಿಯೂ ಉಂಟು. ಆದರೆ ಮಳೆಗಾಳಿ ಬಲವಾಗಿರುವ ಕಡೆ ಹಲಗೆಯನ್ನು ಒಳಗೋಡೆಗೆ ಸೇರಿಸಿ, ಹೊರಗೋಡೆಯ ಕಡೆ ೫೦ ಮಿಲಿಮೀಟರಾದರೂ ತೆರವು ಉಳಿಸುವುದೇ ಲೇಸೆಂದು ನಮಗೆ ತೋರುತ್ತದೆ. ಗೊರಬಿನ ಉಪಾಯವನ್ನು ಬಿಟ್ಟುಕೊಡದೆ ಕಂಬಳಿಯನ್ನೂ ಹೊದ್ದಂತಾಗುತ್ತದೆ. ಇಲ್ಲಿಯೇ ಬಿಲ್ಲೆಯ ಕೆಲಸ ಬರುವುದು. ಪೂರ್ತಿ ತುಂಬಿದ ಎಡೆಯಲ್ಲಿ ಹಲಗೆಗೆ ಸರಿಯಲು ಸ್ಥಳವಿಲ್ಲ. ಅರ್ಧ ತುಂಬಿದುದರಲ್ಲಿ ಅದು ಮುಂದಕ್ಕೆ ವಾಲಬಹುದು. ವಾಲಿದರೆ ಏನಾಯಿತು, ಹಲಗೆಯ ದಪ್ಪವೇನೂ ಕಡಿಮೆಯಾಗಲಿಲ್ಲವಷ್ಟೆ, ಎಂದು ಕೇಳಬಹುದು. ಕಂಬಳಿ ಹೊದ್ದು ಮಲಗಿದವನಿಗೆ ಇದರ ಉತ್ತರ ಗೊತ್ತಿದೆ. ಕಂಬಳಿ ಎಷ್ಟೇ ದಪ್ಪವಿರಲಿ, ಅದರ ಕೆಳಗೆ ಗಾಳಿ ನುಸುಳಿತೆಂದರೆ ಚಳಿ ತಪ್ಪದು.

ಹಲಗೆಗೂ ಒಳಗೋಡೆಗೂ ನಡುವೆ ೧೦ ಮಿಲಿಮೀಟರು ಸಂದು ಬಿದ್ದಿದೆ, ಮೇಲೂ ಕೆಳಗೂ ಹಲಗೆಗಳ ಅಂಚಿನಲ್ಲಿ ಬಿರುಕುಗಳಿವೆ ಎಂದಿಟ್ಟುಕೊಳ್ಳೋಣ. ಸಂದಿನ ಗಾಳಿ ಒಳಗೋಡೆಯಿಂದ ಬೆಚ್ಚಗಾಗಿ ಹಗುರವಾಗುತ್ತದೆ. ಹಲಗೆಯ ಮುಂದಿರುವ ಗಾಳಿ ತಣ್ಣಗೆ, ಭಾರವಾಗಿರುತ್ತದೆ. ಹಿಂದಿನದು ೧೫ ಡಿಗ್ರಿ, ಮುಂದಿನದು ೫ ಡಿಗ್ರಿ ಎಂದಾದರೆ, ಒಂದು ಘನ ಮೀಟರಿನ ತೂಕದಲ್ಲಿ ಸುಮಾರು ೪೫ ಗ್ರಾಂ ವ್ಯತ್ಯಾಸ. ೫ ಮೀಟರು ಎತ್ತರದ ಗೋಡೆಯಲ್ಲಿ ಇದರಿಂದ ಉಂಟಾಗುವ ಒತ್ತಡ ೨ ಪಾಸ್ಕಲ್‌ಗಿಂತ ತುಸು ಹೆಚ್ಚು. ಹೇಳಿಕೊಳ್ಳುವಂಥದೇನೂ ಅಲ್ಲ. ಆದರೂ ಗಾಳಿ ಹಿಂದೆ ಮೇಲೇರಿ, ಹಲಗೆಯ ತಲೆಯನ್ನು ದಾಟಿ, ಮುಂದೆ ಕೆಳಗಿಳಿದು, ಬುಡದಲ್ಲಿ ಮತ್ತೆ ಒಳನುಗ್ಗುವ ಒಂದು ಚಕ್ರ ಏರ್ಪಡುವುದಕ್ಕೆ ಅಷ್ಟು ಸಾಕು. ಸ್ನಿಗ್ಧತೆಯ ಸೂತ್ರದಿಂದ ಲೆಕ್ಕ ಮಾಡಿದರೆ ಸಂದಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು ೨೦ ಸೆಂಟಿಮೀಟರು ಬರುತ್ತದೆ. ಅದು ಹೊತ್ತೊಯ್ಯುವ ಶಾಖ ಗೋಡೆಯ ಪ್ರತಿ ಚದರ ಮೀಟರಿಗೆ ೫ ವಾಟ್. ಏಳು ವಾಟ್ ಇರಬೇಕಾದ ನಷ್ಟ ಹನ್ನೆರಡಾಯಿತು! ಲೆಕ್ಕ ಸ್ಥೂಲವಾದುದು, ನಿಜ. ಸಂದು ಇನ್ನೂ ಅಗಲವಾದರೆ ಈ ಸೂತ್ರ ನಿಲ್ಲುವುದಿಲ್ಲ, ನಷ್ಟ ಹಲಗೆಯೇ ಇಲ್ಲದ ಗೋಡೆಯ ೩೦ ವಾಟಿನತ್ತ ಸಾಗುತ್ತದೆ. ಬೀಸುಗಾಳಿಯ ಒತ್ತಡವನ್ನು ನಾವಿನ್ನೂ ಸೇರಿಸಿಯೇ ಇಲ್ಲ.

ಇದೇ ಲೆಕ್ಕದಲ್ಲಿ ಒಂದು ಶುಭವಾರ್ತೆಯೂ ಅಡಗಿದೆ. ಕಿರಿದಾದ ಸಂದಿನಲ್ಲಿ ಗಾಳಿಯ ವೇಗ ಸಂದಿನ ಅಗಲದ ವರ್ಗಕ್ಕೆ ಅನುಸಾರವಾಗಿರುತ್ತದೆ. ಹರಿಯುವ ದಾರಿಯೂ ಅಗಲಕ್ಕೆ ಅನುಸಾರ. ಹೀಗಾಗಿ ಹರಿವಿನ ಪ್ರಮಾಣ ಅಗಲದ ಘನಕ್ಕೆ ಅನುಸಾರವಾಗುತ್ತದೆ. (ಕೊಳವೆಯಲ್ಲಿ ಹರಿಯುವ ದ್ರವಕ್ಕೆ ಪ್ವಾಸಾಯ್ ಕಂಡುಹಿಡಿದ ತ್ರಿಜ್ಯದ ನಾಲ್ಕನೆಯ ಘಾತದ ನಿಯಮ ಕಾಲೇಜಿನ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಇದು ಅದರ ತಮ್ಮ.) ಸಂದನ್ನು ೧೦ರಿಂದ ೫ ಮಿಲಿಮೀಟರಿಗೆ ಇಳಿಸಿದರೆ ನಷ್ಟ ಎಂಟನೆಯ ಒಂದು ಭಾಗವಾಗುತ್ತದೆ, ೩ ಮಿಲಿಮೀಟರಿಗೆ ಇಳಿಸಿದರೆ ಮೂವತ್ತೇಳನೆಯ ಒಂದು ಭಾಗ, ಎಂದರೆ ೫ ವಾಟಿಗೆ ಬದಲಾಗಿ ೦.೧೩ ವಾಟ್. ಹಲಗೆಯನ್ನು ಅಂಟಿನಿಂದ ಕೂದಲೆಳೆಯೂ ನುಸುಳದಂತೆ ಮೆತ್ತಬೇಕಾದುದಿಲ್ಲ. ಸಾಧಾರಣವಾಗಿ ಒತ್ತಿ ಹಿಡಿದರೆ ಸಾಕು. ಅಷ್ಟನ್ನು ಒಂದು ಬಿಲ್ಲೆ ಮಾಡಬಲ್ಲುದು.

ಬಿಲ್ಲೆಯ ರಚನೆಯಲ್ಲಿ ಚಾತುರ್ಯವಿದೆ. ದುಂಡಾದ ಪ್ಲಾಸ್ಟಿಕ್ ತಟ್ಟೆಗೆ ಒಂದು ಸೀಳು. ಸೀಳಿನ ಅಗಲ ಕೊಂಡಿಯ ದಪ್ಪಕ್ಕಿಂತ ಎಳ್ಳಷ್ಟು ಕಡಿಮೆ. ಕೊಂಡಿಯ ಮೇಲೆ ಒತ್ತಿದಾಗ ಸೀಳು ಹಿಗ್ಗಿ ಅದನ್ನು ಒಳಗೆ ಬಿಟ್ಟುಕೊಂಡು, ಪ್ಲಾಸ್ಟಿಕ್ಕಿನ ಸ್ಥಿತಿಸ್ಥಾಪಕ ಗುಣದಿಂದ ಮತ್ತೆ ಬಿಗಿಯಾಗುತ್ತದೆ. ಬಳಿಕ ಬಿಲ್ಲೆಯನ್ನು ಕೊಂಡಿಯ ಮೇಲೆಯೇ ಹಲಗೆಯ ಕಡೆಗೆ ದೂಡಿದರೆ ಘರ್ಷಣೆ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಮೊಳೆಯಿಲ್ಲ, ತಿರುಪಿಲ್ಲ, ಉಪಕರಣವಿಲ್ಲ, ಹೆಬ್ಬೆರಳೊಂದೇ ಸಾಕು. ಬಿಲ್ಲೆ ಅಗಲವಾಗಿರುವುದಕ್ಕೂ ಕಾರಣವುಂಟು. ಅದೇ ಬಲವನ್ನು ತಂತಿಯ ತುದಿಯಿಂದ ಹಾಕಿದರೆ ಮೆದುವಾದ ಹಲಗೆಯೊಳಕ್ಕೆ ಅದು ಇಳಿದುಹೋಗುತ್ತಿತ್ತು. ಅಗಲವಾದ ತಟ್ಟೆ ಆ ಬಲವನ್ನು ಹರಡಿ ಒತ್ತಡವನ್ನು ಕಡಿಮೆ ಮಾಡುತ್ತದೆ. ಬಿಲ್ಲೆ ಲೋಹದ್ದಾಗಿದ್ದರೆ ಕೊಂಡಿಯ ಶಾಖವನ್ನು ಎಡೆಯ ಗಾಳಿಗೆ ಹಂಚುವ ರೆಕ್ಕೆಯಂತೆ ವರ್ತಿಸುತ್ತಿತ್ತು. ಪ್ಲಾಸ್ಟಿಕ್ಕಿನಿಂದ ಆ ಭಯವಿಲ್ಲ.

ಕೊಂಡಿಯ ವಿಷಯ ಹಾಗಲ್ಲ. ಹಿಂದಿನ ಕಾಲದ ತಿರುಚಿದ ಉಕ್ಕಿನ ಪಟ್ಟಿ ೨೦ ಮಿಲಿಮೀಟರು ಅಗಲ, ೩ ಮಿಲಿಮೀಟರು ದಪ್ಪವಿರುತ್ತಿತ್ತು. ಬರಿಯ ಎಡೆಯಲ್ಲಿ ೫.೫ ವಾಟ್ ದಾಟುತ್ತಿದ್ದಾಗ ಅದರ ಮೂಲಕ ಹೋಗುವ ಶಾಖವನ್ನು ಎಣಿಸುವ ಅಗತ್ಯವೇ ಇರಲಿಲ್ಲ. ಆದರೆ ೫೦ ಮಿಲಿಮೀಟರು ನೊರೆಹಲಗೆಯ ಮೂಲಕ ೧ ಡಿಗ್ರಿಗೆ ದಾಟುವುದೇ ೦.೪೪ ವಾಟ್, ಅಷ್ಟೇ ದಪ್ಪವನ್ನು ತೂರಿ ಹೋಗುವ ಅಂತಹ ಎರಡೂವರೆ ಪಟ್ಟಿಗಳು ಹೆಚ್ಚೆಂದರೆ ೦.೧೫ ವಾಟನ್ನು, ಎಂದರೆ ಅದರ ಮೂರನೆಯ ಒಂದು ಭಾಗವನ್ನು, ಸಾಗಿಸಬಲ್ಲುವು. ತುಕ್ಕುಹಿಡಿಯದ ಉಕ್ಕಿನ ಸಪೂರ ತಂತಿಯ ಕೊಂಡಿಗಳಾದರೆ ಇದು ೦.೦೧ ವಾಟಿಗೆ ಇಳಿಯುತ್ತದೆ. ಈ ಉಕ್ಕು ಸಾಮಾನ್ಯ ಉಕ್ಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಶಾಖವಾಹಕ, ಮೇಲಾಗಿ ಬಾಳಿಕೆಯೂ ಹೆಚ್ಚು. ಹಳೆಯ ಕೊಂಡಿಗಳ ಸತುವಿನ ಲೇಪ ತೆಳುವಾಗಿದ್ದು ಎಡೆಯ ತೇವದಲ್ಲಿ ತುಕ್ಕು ಹಿಡಿಯುತ್ತಿದ್ದುದರಿಂದ ೧೯೮೧ರಲ್ಲಿ ಬ್ರಿಟನ್ನಿನ ಮಾನಕವನ್ನೇ ಬಿಗಿಗೊಳಿಸಬೇಕಾಯಿತು.

ಕಟ್ಟುವ ಕ್ರಮದಲ್ಲಿಯೂ ಎಚ್ಚರ ಬೇಕು. ಹಲಗೆಯ ಎತ್ತರ ೪೫೦ ಮಿಲಿಮೀಟರು. ಗಾರೆಯೂ ಸೇರಿ ೭೫ ಮಿಲಿಮೀಟರಿನ ಆರು ಇಟ್ಟಿಗೆ ವರಸೆಗಳಿಗೆ ಸರಿಸಮ. ಆದುದರಿಂದ ಹಲಗೆ ಕೆಳಗಿನ ಸಾಲಿನ ಕೊಂಡಿಗಳ ಮೇಲೆ ಕುಳಿತು, ಅದರ ತಲೆ ಮೇಲಿನ ಸಾಲಿಗೆ ನೇರವಾಗಿ ಬರುತ್ತದೆ. ಒಂದೇ ಬಿಲ್ಲೆ ಮೇಲಿನ ಮತ್ತು ಕೆಳಗಿನ ಎರಡು ಹಲಗೆಗಳ ಅಂಚನ್ನೂ ಹಿಡಿಯುತ್ತದೆ. ಮೊದಲು ಒಳಗೋಡೆಯನ್ನು ಏರಿಸಿ, ಸಂದುಗಳಿಂದ ಹೊರಚಾಚಿದ ಗಾರೆಯನ್ನು ಕರಣೆಯಿಂದ ಹೆರೆದು ಸಮಮಾಡಿ, ಹಲಗೆಯಿಟ್ಟು ಬಿಲ್ಲೆ ಸಿಕ್ಕಿಸಿ, ಅನಂತರ ಹೊರಗೋಡೆಯನ್ನು ಕಟ್ಟಬೇಕು. ಒಳಗೋಡೆಯ ಬೆನ್ನಿನ ಮೇಲೆ ಒಂದೇ ಒಂದು ಗಾರೆಯ ಗಡ್ಡೆ ಒಣಗಿ ನಿಂತರೂ ಹಲಗೆ ಅದರ ಮೇಲೆ ಕುಳಿತು ಸುತ್ತಲೂ ಸಂದು ಬೀಳುತ್ತದೆ. ಎಷ್ಟು ಬಿಲ್ಲೆಗಳಿದ್ದರೂ ಆಗ ಪ್ರಯೋಜನವಿಲ್ಲ. ಹೊರಗೋಡೆ ಕಟ್ಟುವಾಗ ಉದುರಿದ ಗಾರೆ ಕೊಂಡಿಗಳ ಮೇಲೆ ಕುಳಿತರೆ ನೀರಿಗೆ ಸೇತುವೆಯಾದೀತು. ಆದುದರಿಂದ ಎಡೆಯ ಬಾಯಿಗೆ ಮರದ ಪಟ್ಟಿಯೊಂದನ್ನು ಅಡ್ಡಲಾಗಿಟ್ಟು ಅದನ್ನು ಹಿಡಿಯುವುದುಂಟು. ಬಾಗಿಲು ಕಿಟಕಿಗಳ ಪಕ್ಕದಲ್ಲಿ ಕೊಂಡಿಗಳನ್ನು ೩೦೦ ಮಿಲಿಮೀಟರಿಗೊಂದರಂತೆ ಹತ್ತಿರ ಹತ್ತಿರ ಇಡುತ್ತಾರೆ. ಹಲಗೆಗಳನ್ನು ಕತ್ತರಿಸಿ ಹೊಂದಿಸಬೇಕಾದ ಸ್ಥಳವೂ ಅದೇ. ಆತುರದ ಕೈ ಬಿಲ್ಲೆಯನ್ನು ಮರೆಯುವುದೂ ಅಲ್ಲಿಯೇ.

ಹೊರಗೋಡೆಯ ಮುಂದಿನ ವರಸೆಗಳು ಏರಿದ ಮೇಲೆ ಇದಾವುದೂ ಕಾಣುವುದಿಲ್ಲ. ಮನೆಯನ್ನು ಕೊಂಡವನು ಹಲಗೆಯ ಬೆಲೆಯನ್ನು ತೆತ್ತಿರುತ್ತಾನೆ; ಅದರ ಹಿಂದೆ ಗಾಳಿ ಸುತ್ತುತ್ತಿದೆಯೆಂಬುದು ಚಳಿಗಾಲದ ಇಂಧನದ ಲೆಕ್ಕಪಟ್ಟಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಅನುಮಾನ ಬಂದಾಗ ಪರೀಕ್ಷಿಸಲು ಎರಡು ದಾರಿಗಳಿವೆ. ಚಳಿಯ ರಾತ್ರಿಯಲ್ಲಿ ಅವಕೆಂಪು ಕ್ಯಾಮೆರಾದಿಂದ ಹೊರಗೋಡೆಯ ಚಿತ್ರ ತೆಗೆದರೆ, ಶಾಖ ಸೋರುವ ಭಾಗಗಳು ಉಳಿದವುಗಳಿಗಿಂತ ಬೆಚ್ಚಗೆ ತೋರುತ್ತವೆ. ಇಲ್ಲವೆ, ಇಟ್ಟಿಗೆಗಳ ನಡುವಣ ಗಾರೆಯಲ್ಲಿ ಬೆರಳಗಲದ ರಂಧ್ರ ಕೊರೆದು, ವೈದ್ಯರು ಹೊಟ್ಟೆಯೊಳಗೆ ನೋಡಲು ಬಳಸುವಂತಹ ದೀಪವುಳ್ಳ ಸಣ್ಣ ನಳಿಗೆಯನ್ನು ತೂರಿಸಿ, ಬಿಲ್ಲೆಗಳು ಹಲಗೆಗೆ ಆತಿವೆಯೇ ಎಂದು ಕಣ್ಣಾರೆ ನೋಡಬಹುದು. ಆತಿಲ್ಲವೆಂದು ಕಂಡುಬಂದಲ್ಲಿ, ಹೆಬ್ಬೆರಳಿನ ಒಂದು ಒತ್ತಿನಿಂದ ಆಗಬಹುದಾಗಿದ್ದ ಕೆಲಸಕ್ಕೆ ಈಗ ಆ ಭಾಗದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಬೇಕಾಗುತ್ತದೆ.