ಮರ ಕೊಯ್ಯುವವರ ಬೆರಳು ಮರಗಟ್ಟಿದಾಗ

1918ರ ಜನವರಿ. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬ ಊರು. ಸುಣ್ಣಕಲ್ಲು ಕೆತ್ತುವ ಶೆಡ್ಡುಗಳಲ್ಲಿ ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಗಳು ಗುಡುಗುಡಿಸುತ್ತಿದ್ದವು. ಕಾರ್ಖಾನೆಗಳಲ್ಲಿ ಕೆಲಸಗಾರರ ಮೈಗೆ ಸೇರುವ ಸೀಸದ ವಿಷವನ್ನು ಬೆನ್ನಟ್ಟಿ ಹೆಸರಾಗಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಲ್ಲಿಗೆ ಬಂದಿದ್ದು ಬೇರೊಂದು ದೂರಿನ ಜಾಡು ಹಿಡಿದು. ಬೆರಳು ಸತ್ತುಹೋಗುತ್ತದೆ ಎನ್ನುತ್ತಿದ್ದರು ಕಲ್ಲುಕುಟಿಗರು.

ಚಳಿಯ ಮುಂಜಾನೆ ಅವರು ಕೈ ಚಾಚಿದಾಗ ಕಂಡದ್ದು ವಿಚಿತ್ರವಾಗಿತ್ತು. ಬೆರಳಿನ ತುದಿಯಿಂದ ಗೆಣ್ಣಿನವರೆಗೆ ಚರ್ಮ ಸುಣ್ಣ ಬಳಿದಂತೆ ಬಿಳುಪು. ಅಲ್ಲಿಂದಾಚೆ ಗೆರೆ ಎಳೆದಂತೆ ಮಾಮೂಲಿ ಬಣ್ಣ. ಬಿಳಿಚಿದ ಬೆರಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೈ ಉಜ್ಜಿ ಬೆಚ್ಚಗಾದರೆ ರಕ್ತ ನುಗ್ಗಿ ಬರುತ್ತಿತ್ತು, ಚುಚ್ಚುವ ನೋವಿನೊಂದಿಗೆ.

ಚಳಿಯೊಂದೇ ಕಾರಣವೇ? ಹ್ಯಾಮಿಲ್ಟನ್ ಒಪ್ಪಲಿಲ್ಲ. ಉಳಿಯನ್ನು ಬಿಗಿಯಾಗಿ ಹಿಡಿಯುವ ಎಡಗೈಯೇ ಹೆಚ್ಚು ಕೆಟ್ಟಿತ್ತು. ಅದೇ ಚಳಿಯಲ್ಲಿ ದುಡಿದರೂ ಗಾಳಿ ಸುತ್ತಿಗೆ ಮುಟ್ಟದವರ ಬೆರಳು ಸರಿಯಾಗಿತ್ತು. ಬಿಗಿ ಹಿಡಿತ, ಚಳಿ, ನಡುಕ ಮೂರೂ ಕೂಡಿ ಮಾಡಿದ ಕೆಲಸವಿದು ಎಂದು ಅವರು ವರದಿ ಬರೆದರು. ಸುಳಿವು ಆಗಲೇ ಕಾಗದದ ಮೇಲಿತ್ತು.

ಆದರೆ ಕಾಡಿನಲ್ಲಿ ಮರ ಕಡಿಯುವವರಿಗೆ ಆ ಕಾಗದ ತಲುಪಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೈನ್‌ಸಾ ಕಾಡಿಗೆ ನುಗ್ಗಿತು. 1950ರಲ್ಲಿ ಜರ್ಮನಿಯಲ್ಲಿ ಒಬ್ಬನೇ ಹಿಡಿದು ನಡೆಸುವ ಪೆಟ್ರೋಲ್ ಗರಗಸ ಬಂತು. ಅದರ ತೂಕ 16 ಕಿಲೋ. 1954ರ ಸೆಪ್ಟೆಂಬರಿನ ಚಂಡಮಾರುತ ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಕಾಡುಕಾಡನ್ನೇ ಕೆಡವಿದಾಗ, ಬಿದ್ದ ಮರಗಳನ್ನು ತೆರವು ಮಾಡಲು ಇಂಥ ಯಂತ್ರಗಳೇ ಬೇಕಾದವು. ದಿನಗಟ್ಟಲೆ ಕೊಡಲಿ ಬೀಸುತ್ತಿದ್ದ ಕೈಗಳಿಗೆ ಅದು ವರವಾಗಿಯೇ ಕಂಡಿರಬೇಕು.

ಗರಗಸದ ಹಲ್ಲಿನ ಅಪಾಯ ಎಲ್ಲರಿಗೂ ಕಾಣುತ್ತಿತ್ತು. ಅದರ ಹಿಡಿಯ ಅಪಾಯ ಯಾರಿಗೂ ಕಾಣಲಿಲ್ಲ. ಕೆಲವು ವರ್ಷ ಕಳೆದವು. ಜಪಾನಿನ ಕಾಡುಗಳಲ್ಲಿ ಬೆರಳುಗಳು ಮೇಣದಂತೆ ಬಿಳಿಚತೊಡಗಿದವು; ಜನ ಅದನ್ನು ಬಿಳಿಮೇಣದ ರೋಗವೆಂದೇ ಕರೆದರು. 1964ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೂ ಚೈನ್‌ಸಾ ಹಿಡಿಯುವವರ ಬಿಳಿ ಬೆರಳಿನ ಬಗ್ಗೆ ಬರೆಯಿತು.

ಇಲ್ಲಿ ಈ ರೋಗ ಹೂಡಿದ ಆಟವನ್ನು ನೋಡಬೇಕು. ಕಾಡಿನ ಚಳಿಯಲ್ಲಿ ಮರಗಟ್ಟಿದ ಬೆರಳು, ಕೆಲಸಗಾರ ಆಸ್ಪತ್ರೆಯ ಬೆಚ್ಚಗಿನ ಕೋಣೆಗೆ ಬರುವಷ್ಟರಲ್ಲಿ ಕೆಂಪಗಾಗಿರುತ್ತಿತ್ತು. ಸಾಕ್ಷಿಯೇ ಮಾಯ! ಅವನ ಮಾತನ್ನಷ್ಟೇ ನಂಬಬೇಕು. ವೈದ್ಯರು ತಣ್ಣೀರಿನಲ್ಲಿ ಕೈ ಮುಳುಗಿಸಿ ಕಾಯ್ದರು. ಕೆಲವೊಮ್ಮೆ ಬೆರಳು ಬಿಳಿಚುತ್ತಿತ್ತು, ಕೆಲವೊಮ್ಮೆ ಇಲ್ಲ. ರೋಗಿ ಸುಳ್ಳು ಹೇಳುತ್ತಿಲ್ಲವೆಂದು ತೋರಿಸುವುದೇ ಒಂದು ಹೋರಾಟವಾಯಿತು. ಜಪಾನಿನ ಸರ್ಕಾರಿ ಕಾಡುಗಳ ಕೆಲಸಗಾರರ ಸಂಘ ಪಟ್ಟು ಬಿಡಲಿಲ್ಲ. ಒಬ್ಬ ದಿನಕ್ಕೆ 2 ಗಂಟೆಗಿಂತ ಹೆಚ್ಚು ಚೈನ್‌ಸಾ ಹಿಡಿಯಬಾರದೆಂಬ ಮಿತಿ ಬಂತು.

ಫಿನ್ಲೆಂಡಿನ ಈಶಾನ್ಯದ ಸುವೊಮುಸ್ಸಲ್ಮಿಯಲ್ಲಿ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಮರ ಕಡಿಯುವುದನ್ನೇ ಕಸುಬಾಗಿಸಿಕೊಂಡವರನ್ನೆಲ್ಲ 1972ರಲ್ಲಿ ಪರೀಕ್ಷಿಸಿದರು. ಹೋಗಿ ಮತ್ತೆ ಬಂದರು, ಮತ್ತೆ ಪರೀಕ್ಷಿಸಿದರು. 1990ರೊಳಗೆ ಒಟ್ಟು 11 ಸಲ. ಮೊದಲ ಸಲ 100ರಲ್ಲಿ 40 ಮಂದಿಯ ಬೆರಳು ಬಿಳಿಚುತ್ತಿತ್ತು. ಕೊನೆಯ ಸಲ 5 ಮಂದಿಯದು. ಈ ನಡುವೆ ಬದಲಾಗಿದ್ದು ಗರಗಸ. ಹಿಡಿಗೆ ಬರುವ ನಡುಕ ಏಳರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಗುಟ್ಟು ಇಷ್ಟೇ. ಎಡೆಬಿಡದ ನಡುಕ ಬೆರಳಿನ ನರತುದಿಗಳನ್ನೂ ಸಣ್ಣ ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತದೆ. ಚಳಿಗೆ ಎಲ್ಲರ ನಾಳಗಳೂ ಕೊಂಚ ಕುಗ್ಗುತ್ತವೆ. ಕೆಟ್ಟ ನಾಳಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ. ಪರಿಹಾರವೂ ಸರಳವಾಗಿಯೇ ಸಿಕ್ಕಿತು: ಎಂಜಿನ್ನಿಗೂ ಹಿಡಿಗೂ ನಡುವೆ ರಬ್ಬರಿನ ತುಂಡು ಇಲ್ಲವೇ ಸ್ಪ್ರಿಂಗು.

1978ರಲ್ಲಿ ಸಂಶೋಧಕರು ಬೆಡ್‌ಫರ್ಡಿಗೆ ಮತ್ತೆ ಹೋದರು. ಹ್ಯಾಮಿಲ್ಟನ್ ನೋಡಿ ಹೋಗಿ 60 ವರ್ಷವಾಗಿತ್ತು. ಕಲ್ಲುಕುಟಿಗರ ಕೈಯಲ್ಲಿ ಇನ್ನೂ ಅದೇ ಬಗೆಯ ಗಾಳಿ ಸುತ್ತಿಗೆ ಇತ್ತು. ಅವರ ಬೆರಳುಗಳು ಇನ್ನೂ ಬಿಳಿಚುತ್ತಿದ್ದವು.