ಹೃದಯದ ಕ್ಯಾಲ್ಸಿಯಂ ಸ್ಕೋರ್: ಯಾರಿಗೆ ಬೇಕು, ಯಾರಿಗೆ ಬೇಡ?

ಹಿಂಜೇವಾಡಿ ಇರಲಿ, ಗಚ್ಚಿಬೌಲಿ ಇರಲಿ, ವರ್ಷಕ್ಕೊಮ್ಮೆ ಆಫೀಸಿನ ಹೆಲ್ತ್ ಚೆಕಪ್ ಇದ್ದೇ ಇರುತ್ತೆ. ರಿಪೋರ್ಟ್‌ನಲ್ಲಿ ಎಲ್‌ಡಿಎಲ್ 145. ಡಾಕ್ಟರು ಸ್ಟ್ಯಾಟಿನ್ ಶುರು ಮಾಡೋಣ ಅಂತಾರೆ. ಊರಿಂದ ಅಮ್ಮ, "ಈ ವಯಸ್ಸಿಗೇ ಮಾತ್ರೆಯಾ?" ಅಂತಾರೆ. ಯಾರ ಮಾತು ಕೇಳೋದು?

ಎಲ್‌ಡಿಎಲ್, ಬಿಪಿ, ವಯಸ್ಸು ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಸಿಗೋದು ನಿಮ್ಮಂಥ ಸಾವಿರಾರು ಜನರ ಸರಾಸರಿ ಅಪಾಯ. ನಿಮ್ಮದೇ ರಕ್ತನಾಳದಲ್ಲಿ ಏನಾಗಿದೆ ಅನ್ನೋದು ಅದರಲ್ಲಿ ಇರಲ್ಲ. ಅದನ್ನು ನೋಡೋಕೆ ಇರೋದು ಕೊರೊನರಿ ಕ್ಯಾಲ್ಸಿಯಂ ಸಿಟಿ ಸ್ಕ್ಯಾನ್. ಇದಕ್ಕೆ ಡೈ ಇಂಜೆಕ್ಷನ್ ಬೇಡ. ಎದೆಗೆ ಇಸಿಜಿ ವೈರ್ ಅಂಟಿಸ್ತಾರೆ, ಕೆಲವು ಸೆಕೆಂಡ್ ಉಸಿರು ಹಿಡಿದರೆ ಮುಗೀತು. ವಿಕಿರಣ ಸುಮಾರು 1 ಮಿಲಿಸೀವರ್ಟ್, ಅಂದರೆ ಹತ್ತು ಚೆಸ್ಟ್ ಎಕ್ಸ್‌ರೇಯಷ್ಟು.

ಸಿಟಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ: ನೀರಿಗೆ 0, ಗಾಳಿಗೆ -1000. (ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಂಜಿನಿಯರ್. ಸಿಟಿಗಿಂತ ಮೊದಲು ಕಂಪ್ಯೂಟರ್ ಕಟ್ಟಿದವರು, 1979ರಲ್ಲಿ ನೊಬೆಲ್ ಬಂತು. ನಮ್ಮವರೇ ಅನ್ನಿ!) ರಕ್ತನಾಳದ ಗೋಡೆಯಲ್ಲಿ 130 ದಾಟಿದ ಚುಕ್ಕೆಗಳನ್ನು ಕ್ಯಾಲ್ಸಿಯಂ ಅಂತ ಹಿಡಿದು, ಅದರ ವಿಸ್ತೀರ್ಣವನ್ನು ಸಾಂದ್ರತೆಗೆ ತಕ್ಕ 1ರಿಂದ 4ರ ಅಂಕದಿಂದ ಗುಣಿಸಿ ಕೂಡ್ತಾರೆ. 1990ರಲ್ಲಿ ಬಂದ ಈ ಲೆಕ್ಕಕ್ಕೆ ಅಗಾಟ್‌ಸ್ಟನ್ ಸ್ಕೋರ್ ಅಂತ ಹೆಸರು.

ಅಮೆರಿಕದ ಹೃದ್ರೋಗ ಸಂಸ್ಥೆಗಳ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಇದನ್ನು ಬಳಸೋದು ಅತ್ತ ಇತ್ತ ತೀರ್ಮಾನ ಆಗದವರಿಗೆ ಮಾತ್ರ. ಸ್ಕೋರ್ 100 ಅಥವಾ ಮೇಲಿದ್ದರೆ ಸ್ಟ್ಯಾಟಿನ್ ಬೇಕು. 1ರಿಂದ 99 ಇದ್ದರೆ, ಅದರಲ್ಲೂ 55 ದಾಟಿದವರಿಗೆ, ಮಾತ್ರೆಯ ಕಡೆಗೇ ತಕ್ಕಡಿ ವಾಲುತ್ತೆ. ಸೊನ್ನೆ ಬಂದರೆ ಸದ್ಯಕ್ಕೆ ಮಾತ್ರೆ ಮುಂದೂಡಬಹುದು, ಕೆಲವು ವರ್ಷ ಬಿಟ್ಟು ಮತ್ತೆ ನೋಡಬಹುದು. ಆದರೆ ಸಿಗರೇಟ್ ಸೇದೋರಿಗೆ, ಶುಗರ್ ಇರೋರಿಗೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿದ್ದರೆ ಈ ಸೊನ್ನೆಯ ರಿಯಾಯಿತಿ ಇಲ್ಲ.

ಇನ್ನೊಂದು ವಿಷಯ, ನಮ್ಮಲ್ಲಿ ಬಹಳ ಜನಕ್ಕೆ ಇದೇ ಮುಖ್ಯ. ರಕ್ತನಾಳದಲ್ಲಿ ಮೊದಲು ಕೂರೋದು ಮೆತ್ತನೆಯ ಕೊಬ್ಬು, ಕ್ಯಾಲ್ಸಿಯಂ ಸೇರೋದು ಆಮೇಲೆ. ಮೆತ್ತನೆಯದು ಈ ಸ್ಕ್ಯಾನ್‌ಗೆ ಕಾಣಲ್ಲ. ಹಾಗಾಗಿ 32 ವಯಸ್ಸಿಗೆ ಸೊನ್ನೆ ಬರೋದು ದೊಡ್ಡ ಸುದ್ದಿಯೇನಲ್ಲ. ಅದನ್ನು ನಂಬಿ ಸಿಗರೇಟ್ ಮುಂದುವರಿಸೋದು ಅಪಾಯ. ದಕ್ಷಿಣ ಏಷ್ಯಾದವರು ಅನ್ನೋದನ್ನೇ ಆ ಮಾರ್ಗಸೂಚಿ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಸೇರಿಸಿದೆ, ನೆನಪಿರಲಿ. 'ಫುಲ್ ಬಾಡಿ ಪ್ಯಾಕೇಜ್' ಡಿಸ್ಕೌಂಟ್‌ನಲ್ಲಿ ಸಿಗುತ್ತೆ ಅಂತ 30ರ ಹುಡುಗರು ಇದನ್ನ ಮಾಡಿಸೋದು ನನಗಂತೂ ದಂಡ ಅನ್ಸುತ್ತೆ.

ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೂ ಇದು ಬೇಡ, ಅವರಿಗೆ ಮಾತ್ರೆ ಬೇಕೇ ಬೇಕು. ಎದೆ ನೋವು ಬಂದರೆ ಸ್ಕ್ಯಾನ್ ಸೆಂಟರ್ ಹುಡುಕಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಮಾಡಿಸೋ ಮುಂಚೆ ಡಾಕ್ಟರನ್ನ ಒಂದೇ ಪ್ರಶ್ನೆ ಕೇಳಿ: "ಸೊನ್ನೆ ಬಂದರೆ, ಅಥವಾ 150 ಬಂದರೆ, ನನ್ನ ಚಿಕಿತ್ಸೆ ಬದಲಾಗುತ್ತಾ?" ಇಲ್ಲ ಅಂದರೆ ದುಡ್ಡು ಉಳಿಸಿ. ಮಾತ್ರೆ ಶುರುವಾದ ಮೇಲೆ ಪ್ರತಿ ವರ್ಷ ಸ್ಕೋರ್ ನೋಡೋ ಅಗತ್ಯವೂ ಇಲ್ಲ. ಸ್ಟ್ಯಾಟಿನ್ ಆ ಕೊಬ್ಬನ್ನು ಗಟ್ಟಿ ಮಾಡೋದರಿಂದ ಸ್ಕೋರ್ ಏರಲೂಬಹುದು. ಅದನ್ನ ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ.